‘ನೋಡಿ ಹೇಳೋಣ’ ಎನ್ನುವ ಡಿಗ್ರಿ

ಕರ್ನಾಟಕದಲ್ಲಿ ಇನ್ನೊಬ್ಬರ ತಟ್ಟೆಯ ಮೇಲೆ ತೀರ್ಪು ಕೊಡುವ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಹಾಗಲಕಾಯಿ ರಸ ಕುಡಿಯುತ್ತ ನಿಂತ ನಿವೃತ್ತ ಬ್ಯಾಂಕ್ ಮ್ಯಾನೇಜರರಿಗೆ ಆ ಹಕ್ಕಿದೆ. ಜಿಮ್ಮಿನಲ್ಲಿ ಡಬ್ಬಿ ಕುಲುಕುವ ಹುಡುಗನಿಗಿದೆ. ಬೀಗರೂಟಕ್ಕೆ ಬಂದು, ಹೋಳಿಗೆಯ ಮೇಲೆ ತುಪ್ಪ ಬಡಿಸಿಕೊಳ್ಳುತ್ತಲೇ ‘ಅನ್ನ ಬಿಟ್ಟೆ ನೋಡಿ, ಶುಗರ್ ಮಂಗಮಾಯ’ ಎನ್ನುವ ಚಿಕ್ಕಪ್ಪನಿಗಂತೂ ಇದ್ದೇ ಇದೆ. ಇವರಲ್ಲಿ ಯಾರೂ ಪರೀಕ್ಷೆ ಬರೆದಿಲ್ಲ, ಫೀಸು ಕಟ್ಟಿಲ್ಲ, ಹಾಜರಾತಿ ಕಡಿಮೆಯಾಗಿ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತಿಲ್ಲ. ಆದರೂ ಅವರ ಮಾತು ನಡೆಯುತ್ತದೆ.

ಹೀಗಿರುವಾಗಲೂ ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಕೆಲವು ಹುಡುಗಿಯರು (ಒಂದು ತರಗತಿಗೆ ಒಬ್ಬ ಹುಡುಗ ಸಿಕ್ಕರೆ ಅವನೇ ಕ್ಲಾಸ್ ರೆಪ್ರೆಸೆಂಟೇಟಿವ್) ಇದೇ ಕೆಲಸವನ್ನು ಕಲಿಯಲು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಾರೆ. ಮೂರೋ ನಾಲ್ಕೋ, ಸರ್ಕಾರ ಬದಲಾದಂತೆ ಬದಲಾಗುವಷ್ಟು ವರ್ಷ ಬಿಎಸ್ಸಿ. ಮೇಲೆ ಎರಡು ವರ್ಷ ಎಂಎಸ್ಸಿ. ಆಸ್ಪತ್ರೆಯಲ್ಲಿ ಆರು ತಿಂಗಳು ಇಂಟರ್ನ್‌ಶಿಪ್. ಆಮೇಲೆ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದರೆ ಹೆಸರಿನ ಮುಂದೆ ‘ಆರ್‌ಡಿ’ ಎಂದು ಹಾಕಿಕೊಳ್ಳಬಹುದು. ಆ ಎರಡಕ್ಷರ ನೋಡಿ ‘ಯಾವ ಬ್ಯಾಂಕಿನಲ್ಲಿ, ಎಷ್ಟು ಬಡ್ಡಿ’ ಎಂದು ಕೇಳುವವರೇ ಹೆಚ್ಚು.

ಅಡ್ಮಿಷನ್ ಆದ ದಿನವೇ ಸಂಬಂಧಿಕರ ಫೋನು ಶುರು.

‘ಏನಮ್ಮಾ, ಯಾವ ಕೋರ್ಸು?’

‘ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್, ಮಾವ.’

‘ಅಂದ್ರೆ?’

‘ಯಾವ ಕಾಯಿಲೆಗೆ ಯಾರು ಏನು ಊಟ ಮಾಡಬೇಕು ಅಂತ.’

‘ಅದಕ್ಕೆ ಕಾಲೇಜು ಬೇಕೇನೇ? ನಿಮ್ಮಜ್ಜಿ ಮನೇಲೇ ಕೂತು ಹೇಳ್ತಿದ್ರಲ್ಲ. ಮೆಡಿಕಲ್ ಸಿಗಲಿಲ್ವಾ? ಇರಲಿ ಬಿಡು, ಮದುವೆ ಆಗೋ ಹುಡುಗಿಗೆ ಒಳ್ಳೇದೇ.’ ಒಂದು ಕ್ಷಣ ಸುಮ್ಮನಿದ್ದು, ದನಿ ತಗ್ಗಿಸಿ, ‘ಅಂದ ಹಾಗೆ ನಂಗೆ ಶುಗರ್ ಇನ್ನೂರಾ ನಲವತ್ತು ಬಂದಿದೆ. ಮುದ್ದೆ ಆದ್ರೆ ಎಷ್ಟು ಬೇಕಾದ್ರೂ ತಿನ್ನಬಹುದು ಅಲ್ವಾ?’

ಮೊದಲ ತರಗತಿ ಆರಂಭವಾಗುವ ಮುಂಚೆಯೇ ಮೊದಲ ಉಚಿತ ಸಲಹೆ ಕೇಳಿಯಾಯಿತು. ಆ ಕ್ಷಣದಲ್ಲಿ ಹುಡುಗಿಗೆ ಉತ್ತರ ಗೊತ್ತಿಲ್ಲ, ಹಾಗಾಗಿ ಧೈರ್ಯವಾಗಿ ‘ಹೂಂ ಮಾವ, ತಿನ್ನಿ’ ಎನ್ನುತ್ತಾಳೆ. ಮಾವನಿಗೆ ಪರಮ ಸಂತೋಷ. ಐದು ವರ್ಷ ಬಿಟ್ಟು ಅದೇ ಮಾವ ಅದೇ ಪ್ರಶ್ನೆ ಕೇಳಿದರೆ ಅವಳು ಹೇಳುವುದು ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಬಗೆಯ ಭಾರತೀಯ ಆಹಾರಗಳನ್ನು ಪರೀಕ್ಷಿಸಿ ಪ್ರಕಟಿಸಿದ ಕೋಷ್ಟಕವನ್ನು ಅವಳು ಅಷ್ಟು ಹೊತ್ತಿಗೆ ನಿದ್ದೆಯಲ್ಲೂ ತಿರುವುತ್ತಿರುತ್ತಾಳೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, ಯಾವ ಅಕ್ಕಿ ಗೋಧಿಯೂ ಅದರ ಹತ್ತಿರ ಸುಳಿಯುವುದಿಲ್ಲ. ಆದರೆ ಅದೇ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಕೂಡ ಇದೆ. ಅಕ್ಕಿಗಿಂತ ಕಡಿಮೆ ಹೌದು, ಆದರೆ ಎರಡು ಮುದ್ದೆ ನಾಲ್ಕಾದರೆ ಸಕ್ಕರೆ ರಾಗಿಯ ಮರ್ಯಾದೆ ನೋಡುವುದಿಲ್ಲ. ‘ಮುದ್ದೆ ಎಷ್ಟು ದಪ್ಪ ಮಾವ? ಜೊತೆಗೆ ಸೊಪ್ಪಿನ ಸಾರೋ ಬರೀ ಉಪ್ಪೆಸರೋ? ಯಾವ ಮಾತ್ರೆ ನುಂಗ್ತಿದ್ದೀರಿ? ಕ್ರಿಯಾಟಿನೈನ್ ಎಷ್ಟಿದೆ? ರಿಪೋರ್ಟ್ ಕಳಿಸಿ, ನೋಡಿ ಹೇಳೋಣ’ ಎನ್ನುತ್ತಾಳೆ.

ಮಾವ ಫೋನಿಟ್ಟು ಅತ್ತೆಗೆ ಹೇಳುವುದು: ‘ಅಷ್ಟು ದುಡ್ಡು ಸುರಿದು ಓದಿಸಿದ್ರು, ಒಂದು ಮುದ್ದೆ ತಿನ್ಲಾ ಅಂತ ಕೇಳಿದ್ರೆ ಹೇಳೋಕೆ ಬರಲ್ಲ.’

ಈ ಡಿಗ್ರಿಯ ದೋಷವೇ ಇದು. ಬಾಯಿಗೆ ಬಂದದ್ದನ್ನು ಹೇಳದಂತೆ ಮಾಡುತ್ತದೆ. ಓದುವ ಮುಂಚೆ ಹತ್ತು ಸಲಹೆ ಕೊಡುತ್ತಿದ್ದವಳು, ಓದಿದ ಮೇಲೆ ಒಂದು ಸಲಹೆಗೆ ಹತ್ತು ಪ್ರಶ್ನೆ ಕೇಳುತ್ತಾಳೆ. ಇಂಥ ಸರಕನ್ನು ಯಾವ ಮಾರುಕಟ್ಟೆ ಕೊಳ್ಳುತ್ತದೆ?

ಒಳಗೆ ಏನು ಕಲಿಸುತ್ತಾರೆ ಎಂಬುದನ್ನೂ ಹೇಳಬೇಕು, ಏಕೆಂದರೆ ಹೊರಗಿನವರ ಪ್ರಕಾರ ಅಲ್ಲಿ ಉಪ್ಪಿಟ್ಟು ಕಲಿಸುತ್ತಾರೆ. ಕಲಿಸುತ್ತಾರೆ, ಅದೂ ಸುಳ್ಳಲ್ಲ. ಲ್ಯಾಬಿನಲ್ಲಿ ಏಪ್ರನ್ ಕಟ್ಟಿ, ರವೆಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಎಣ್ಣೆಯನ್ನು ಚಮಚದಲ್ಲಿ ಅಳೆದು, ಮಾಡಿದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು, ಪ್ರೋಟೀನು, ಕಬ್ಬಿಣ, ನಾರಿನ ಲೆಕ್ಕ ಹಾಕಿ ಸಹಿ ಹಾಕಿಸಿಕೊಳ್ಳಬೇಕು. ಅಷ್ಟರಲ್ಲಿ ಉಪ್ಪಿಟ್ಟು ಆರಿ ಗೋಡೆಗೆ ಹಚ್ಚುವ ಹದಕ್ಕೆ ಬಂದಿರುತ್ತದೆ. ಇದರ ಆಚೆಗೆ ಜೀವರಸಾಯನ, ಶರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಸಂಖ್ಯಾಶಾಸ್ತ್ರ. ಮೂಗಿನ ನಳಿಕೆಯಲ್ಲಿ ಊಟ ಹೋಗುವ ರೋಗಿಗೆ ಗಂಟೆಗೆ ಎಷ್ಟು ಮಿಲಿಲೀಟರ್ ಎಂಬ ಲೆಕ್ಕ. ಇದೆಲ್ಲ ಬಹುಕಾಲ ‘ಗೃಹವಿಜ್ಞಾನ’ ಎಂಬ ಬೋರ್ಡಿನ ಕೆಳಗೆ ನಡೆಯುತ್ತಿತ್ತು. ಆ ಬೋರ್ಡು ನೋಡಿ ಗಂಡಿನ ಕಡೆಯವರು ಖುಷಿಪಡುತ್ತಿದ್ದರು, ಬೇರೆ ಯಾರೂ ಗೌರವ ಕೊಡುತ್ತಿರಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಈಗ ಸಮುದಾಯ ವಿಜ್ಞಾನ ಕಾಲೇಜು. ಹೆಸರು ಬದಲಾಯಿಸಿದ್ದರಿಂದ ಗೌರವ ಬಂತೋ ಇಲ್ಲವೋ, ಗಂಡಿನ ಕಡೆಯವರಿಗೆ ಮಾತ್ರ ಗೊಂದಲವಾಯಿತು.

ಚರಿತ್ರೆಯ ಪಾಠವೊಂದಿದೆ, ಅದು ಕನ್ನಡಿಗರಿಗೆ ಗೊತ್ತಿರಲೇಬೇಕಾದದ್ದು. ಕೂನೂರಿನಲ್ಲಿ 1918ರಲ್ಲಿ ಬೆರಿಬೆರಿ ರೋಗದ ಸಂಶೋಧನೆಗೆಂದು ಒಂದು ಪುಟ್ಟ ಘಟಕ ಶುರುವಾಯಿತು. ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೇರು ಅದು. ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಅಲ್ಲಿ ಇಲಿಗಳನ್ನು ಗುಂಪುಗುಂಪಾಗಿ ಸಾಕಿ ಒಂದೊಂದು ಗುಂಪಿಗೆ ಒಂದೊಂದು ಪ್ರಾಂತದ ಊಟ ಹಾಕಿದ. ಸಿಖ್ಖರ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿ ದಷ್ಟಪುಷ್ಟವಾಗಿ ಮೊದಲ ಸ್ಥಾನಕ್ಕೆ ಬಂತು. ಮದ್ರಾಸಿನ ಊಟ ತಿಂದ ಇಲಿಗೆ ಕಟ್ಟಕಡೆಯ ಸ್ಥಾನ. ಕನ್ನಡಿಗರ ಊಟ ತಿಂದ ಇಲಿ ಕೆಳಗಿನ ಅರ್ಧದಲ್ಲೇ ಉಳಿಯಿತು, ಆದರೆ ಮದ್ರಾಸಿ ಇಲಿಗಿಂತ ಮೇಲೆ. ಕಾವೇರಿಯಲ್ಲಿ ಸಿಗದ ಗೆಲುವು ಇಲಿಯಲ್ಲಿ ಸಿಕ್ಕಿದೆ. ಆದರೂ ಯಾವ ರಾಜ್ಯೋತ್ಸವ ಭಾಷಣದಲ್ಲೂ ಇದರ ಪ್ರಸ್ತಾಪವಿಲ್ಲ.

ಇನ್ನು ಆಸ್ಪತ್ರೆ. ಇಂಟರ್ನ್‌ಶಿಪ್‌ಗೆ ಬಂದವಳಿಗೆ ಕೊಡುವ ಜಾಗ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ, ಅಡುಗೆಮನೆಯ ಪಕ್ಕ. ಬಿಳಿ ಕೋಟು ಹಾಕಿಕೊಂಡು ವಾರ್ಡಿಗೆ ಹೋದರೆ ರೋಗಿಯ ಮೊದಲ ಮಾತು: ‘ಮೇಡಂ, ನಿನ್ನೆ ಸಾರಿಗೆ ಉಪ್ಪೇ ಇರಲಿಲ್ಲ, ಯಾರಮ್ಮ ಅಡುಗೆ ಮಾಡೋದು?’ ಉಪ್ಪಿಲ್ಲದಿರುವುದೇ ತನ್ನ ಕೆಲಸ ಎಂದು ಅವಳು ವಿವರಿಸಬೇಕು. ಎರಡನೆಯ ಮಾತು: ‘ಡಾಕ್ಟ್ರು ಯಾವಾಗ ಬರ್ತಾರೆ?’

ಕಿಡ್ನಿ ವಾರ್ಡಿನಲ್ಲಿ ಅವಳ ನಿಜವಾದ ಪರೀಕ್ಷೆ. ಕಾಯಿಲೆಯವರನ್ನು ನೋಡಲು ಬರುವವರು ಬರಿಗೈಯಲ್ಲಿ ಬರಬಾರದು ಎಂಬುದು ನಮ್ಮ ಸಂಸ್ಕೃತಿ. ಹಾಗಾಗಿ ನಾಲ್ಕು ಎಳನೀರು ಬರುತ್ತದೆ. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಪೊಟ್ಯಾಷಿಯಂ ಹೊರಹೋಗದೆ ಉಳಿಯುತ್ತದೆ, ಎಳನೀರಿನಲ್ಲಿ ಅದು ಧಾರಾಳವಾಗಿದೆ, ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ‘ಎಳನೀರು ಕುಡಿದು ಯಾರಾದ್ರೂ ಸತ್ತಿದ್ದಾರೇನಮ್ಮ? ದೇವರಿಗೆ ಇಡ್ತೀವಿ ಅದನ್ನ’ ಎಂದು ದೊಡ್ಡಪ್ಪ ಗದರುತ್ತಾರೆ. ದೇವರಿಗೆ ಡಯಾಲಿಸಿಸ್ ಇಲ್ಲ ಎಂದು ಅವಳು ಹೇಳುವಂತಿಲ್ಲ. ಮಲೆನಾಡಿನವರಾದರೆ ಹಿತ್ತಲಿನ ಧಾರೆಹುಳಿ ತಂದಿರುತ್ತಾರೆ, ಅದರಲ್ಲಿರುವ ಒಂದು ವಿಷವಸ್ತು ಕಿಡ್ನಿ ಸರಿಯಿಲ್ಲದವರ ಮಿದುಳಿಗೇ ಏರುತ್ತದೆ. ಬೆಂಗಳೂರಿನವರಾದರೆ ಬಿಪಿಗೆ ಒಳ್ಳೆಯದೆಂದು ಸೂಪರ್ ಮಾರ್ಕೆಟ್ಟಿನಿಂದ ಕಡಿಮೆ ಸೋಡಿಯಂ ಉಪ್ಪು. ಅದರಲ್ಲಿ ಸೋಡಿಯಂ ತೆಗೆದು ತುಂಬಿರುವುದು ಅದೇ ಪೊಟ್ಯಾಷಿಯಂ.

ತಮಾಷೆಯೆಂದರೆ ಅವಳಿಗೆ ಮೊದಲ ವರ್ಷ ಕಲಿಸಿದ್ದು, ತರಕಾರಿ ಬೇಯಿಸಿದ ನೀರನ್ನು ಚೆಲ್ಲಬಾರದು, ಜೀವಸತ್ವ ಹೋಗುತ್ತದೆ ಎಂದು. ಈ ವಾರ್ಡಿನಲ್ಲಿ ಹೇಳಬೇಕಾದದ್ದು ತದ್ವಿರುದ್ಧ: ಸಣ್ಣಗೆ ಹೆಚ್ಚಿ, ಹೆಚ್ಚು ನೀರಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿ. ಸೊಪ್ಪು, ಕಾಳು ಬಸಿದ ನೀರಿನಲ್ಲೇ ಬಸ್ಸಾರು ಮಾಡುವ ಮಂಡ್ಯ, ಹಾಸನದವರ ಮುಂದೆ ಈ ಮಾತು ಹೇಳುವುದಕ್ಕೆ ಎಂಎಸ್ಸಿ ಸಾಲದು, ಪೊಲೀಸ್ ಬಂದೋಬಸ್ತ್ ಬೇಕು.

ಇಷ್ಟೆಲ್ಲ ಕಲಿತು ಅವಳು ಹೊರಗೆ ಬರುವಷ್ಟರಲ್ಲಿ, ಅವಳ ಜೊತೆ ಪಿಯುಸಿ ಓದಿ ಇನ್ನೆಲ್ಲೋ ಹೋದ ಗೆಳತಿ ಆರು ವಾರದ ಆನ್‌ಲೈನ್ ಸರ್ಟಿಫಿಕೇಟ್ ಪಡೆದು ‘ವೆಲ್‌ನೆಸ್ ಕೋಚ್’ ಆಗಿರುತ್ತಾಳೆ. ಅವಳ ರೀಲು ತೊಂಬತ್ತು ಸೆಕೆಂಡಿನದು. ‘ಅನ್ನ ವಿಷ. ಹಾಲು ವಿಷ. ಗೋಧಿ ನಿಧಾನ ವಿಷ. ಲಿಂಕ್ ಬಯೋದಲ್ಲಿದೆ.’ ಸಂಶಯವಿಲ್ಲ, ಷರತ್ತಿಲ್ಲ, ಕ್ರಿಯಾಟಿನೈನ್ ಇಲ್ಲ. ಸಕ್ಕರೆ ಬಿಟ್ಟು ಬೆಲ್ಲ ತಿನ್ನಿ ಎನ್ನುತ್ತಾಳೆ. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 350 ಕ್ಯಾಲೊರಿ, ಸಕ್ಕರೆಯಲ್ಲಿ ಸುಮಾರು 400. ಆ ಐವತ್ತು ಕ್ಯಾಲೊರಿಯ ವ್ಯತ್ಯಾಸದ ಮೇಲೆ ‘ಸಾವಯವ ಬೆಲ್ಲದ ಕಾಫಿ’ ಎಂಬ ಬೋರ್ಡು ಹಾಕಿದ ಅಂಗಡಿಗಳು ಬದುಕುತ್ತಿವೆ. ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿ ದಾಟಿದ್ದಾರೆಂದು ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಹೇಳಿತು. ಕೇಳಿ ವೈದ್ಯರಿಗೆ ಆತಂಕವಾಯಿತು, ಕೋಚುಗಳಿಗೆ ಹತ್ತು ಕೋಟಿ ಗಿರಾಕಿ ಕಂಡರು.

ಕಾನೂನು ಏನು ಮಾಡುತ್ತಿತ್ತು ಎನ್ನುತ್ತೀರಾ? ಮಲಗಿತ್ತು. ಆಹಾರ ತಜ್ಞರ ಸಂಘ ಹುಟ್ಟಿದ್ದು 1963ರಲ್ಲಿ. ಡಯಟಿಷಿಯನ್ ಎಂಬ ವೃತ್ತಿ ಇದೆ, ಅದಕ್ಕೊಂದು ದಾಖಲೆ ಪುಸ್ತಕ ಬೇಕು ಎಂದು ಸಂಸತ್ತಿಗೆ ಹೊಳೆದದ್ದು 2021ರಲ್ಲಿ, ಆರೋಗ್ಯ ಸೇವೆಯ ಇತರ ವೃತ್ತಿಗಳಿಗೆಲ್ಲ ಸೇರಿಸಿ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದಾಗ. ನಡುವಿನ 58 ವರ್ಷ ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು, ಹಾಕಿದರು. ಆರೋಗ್ಯದ ಬಗ್ಗೆ ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ಅರ್ಹತೆ ತೋರಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2023ರಲ್ಲಿ ಹೇಳಿತು. ಕೆಲವರು ತೋರಿಸಿದರು, ಉಳಿದವರು ಹೊಟ್ಟೆ ತೋರಿಸಿದರು: ಮೊದಲು ಹೀಗಿತ್ತು, ಈಗ ಹೀಗಿದೆ. 2025ರಲ್ಲಿ ಯುಜಿಸಿ, ಪೋಷಣೆ ಮತ್ತು ಆಹಾರಕ್ರಮದಂಥ ವಿಷಯಗಳನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕಲಿಸಕೂಡದೆಂದು ವಿಶ್ವವಿದ್ಯಾಲಯಗಳಿಗೆ ಕಟ್ಟಪ್ಪಣೆ ಮಾಡಿತು. ಸರಿಯಾದ ನಿರ್ಧಾರವೇ. ಈಗ ಪರಿಸ್ಥಿತಿ ಹೀಗಿದೆ: ವಿಶ್ವವಿದ್ಯಾಲಯ ಇದನ್ನು ಮೊಬೈಲಿನಲ್ಲಿ ಕಲಿಸುವಂತಿಲ್ಲ, ಕಲಿಯದವರು ಇದನ್ನು ಮೊಬೈಲಿನಲ್ಲಿ ಮಾರಬಹುದು.

ದೊಡ್ಡವರ ವಿಷಯಕ್ಕೆ ಬರೋಣ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ 2021ರ ಕೊನೆಗೆ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು, ಕೆಲವರು ಹೋರಾಟದ ಎಚ್ಚರಿಕೆ ಕೊಟ್ಟರು, ಟಿವಿಯಲ್ಲಿ ಜ್ಯೋತಿಷಿಗಳೂ ವಕ್ತಾರರೂ ಕೂಗಾಡಿದರು. ಮೊಟ್ಟೆಯ ಪ್ರೋಟೀನನ್ನೇ ಅಳತೆಗೋಲಾಗಿಟ್ಟುಕೊಂಡು ಬೇರೆ ಪ್ರೋಟೀನುಗಳನ್ನು ಅಳೆಯುವುದನ್ನು ಕಲಿತ ಹುಡುಗಿಯರು ರಾಜ್ಯದ ಹತ್ತಾರು ಕಾಲೇಜುಗಳಲ್ಲಿದ್ದರು, ಅವರನ್ನು ಯಾರೂ ಕರೆಯಲಿಲ್ಲ. ಮರುವರ್ಷ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ನಮ್ಮ ರಾಜ್ಯದ ಒಂದು ಸಮಿತಿ ಸಿದ್ಧಪಡಿಸಿದ ಪತ್ರ ಇನ್ನೂ ಸೊಗಸಾದದ್ದು. ಭಾರತೀಯರ ಮೈಕಟ್ಟು ಸಣ್ಣದು, ನಿತ್ಯ ಮೊಟ್ಟೆ, ಮಾಂಸ ತಿಂದರೆ ಕೊಲೆಸ್ಟ್ರಾಲಿನಿಂದ ಬರುವ ಹೆಚ್ಚುವರಿ ಶಕ್ತಿ ಜೀವನಶೈಲಿಯ ಕಾಯಿಲೆ ತರುತ್ತದೆ ಎಂಬುದು ಅದರ ಒಂದು ವಾದ. ಕೊಲೆಸ್ಟ್ರಾಲನ್ನು ದೇಹ ಉರಿಸಿ ಶಕ್ತಿ ಪಡೆಯುವುದಿಲ್ಲ. ಇದು ಬಿಎಸ್ಸಿ ಮೊದಲ ವರ್ಷದ ಜೀವರಸಾಯನ. ಸಮಿತಿಯಂತೆ ಉತ್ತರ ಬರೆದ ಹುಡುಗಿಗೆ ಇಂಟರ್ನಲ್ಸ್‌ನಲ್ಲಿ ಸೊನ್ನೆ ಬೀಳುತ್ತದೆ. ಸಮಿತಿಗಳಿಗೆ ಇಂಟರ್ನಲ್ಸ್ ಇಲ್ಲ.

ಓದಿದವರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ರಾಯಚೂರಿನಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬಂದ ರೈತನ ಕೈಗೆ ಡಿಸ್ಚಾರ್ಜ್ ದಿನ ಕೊಡುವ ಡಯೆಟ್ ಚಾರ್ಟ್ ನೋಡಿದ್ದೀರಾ? ಇಂಗ್ಲಿಷಿನಲ್ಲಿದೆ. ಜೆರಾಕ್ಸಿನ ಜೆರಾಕ್ಸು, ಅರ್ಧ ಅಕ್ಷರ ಮಾಸಿವೆ. ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ಗ್ರೀನ್ ಟೀ, ಮಧ್ಯಾಹ್ನ ಕಿನೋವಾ, ರಾತ್ರಿ ಬ್ರೊಕೊಲಿ ಸೂಪ್. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆಯ ಸುಳಿವೇ ಇಲ್ಲ. ಅವನ ಮನೆಯಲ್ಲಿ ಇದ್ದ ಒಳ್ಳೆಯ ಊಟಕ್ಕೆ ಲೆಕ್ಕ ಹಾಕುವ ಶ್ರಮ ಬೇಡವಾಗಿ, ಅವನ ಊರಲ್ಲಿ ಸಿಗದ ಊಟಕ್ಕೆ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಅವನು ಆ ಕಾಗದದಲ್ಲಿ ಮಾತ್ರೆ ಕಟ್ಟಿಟ್ಟುಕೊಂಡು ಊರಿಗೆ ಹೋಗುತ್ತಾನೆ, ಕಾಗದದ ಅತ್ಯುತ್ತಮ ಉಪಯೋಗ ಅದೇ. ವೃತ್ತಿ ಸಮ್ಮೇಳನಗಳದ್ದು ಇನ್ನೊಂದು ಕಥೆ. ಸ್ನಾಯು ಬೆಳೆಸಲು ಪ್ರೋಟೀನ್ ಪುಡಿ ತಿನ್ನಬೇಡಿ ಎಂದು 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಹೇಳಿದೆ. ಅದರ ಮೇಲೆ ಗಂಭೀರವಾದ ಪ್ರಬಂಧ ಕೇಳಿ ಹೊರಬಂದರೆ, ಕೊಟ್ಟ ಚೀಲದಲ್ಲಿ ಪ್ರಾಯೋಜಕರ ಪುಡಿಯ ಪೊಟ್ಟಣ ಇರುತ್ತದೆ. ವೆನಿಲಾ ಸ್ವಾದ.

ಈ ಓದು ನಿಜವಾಗಿ ಎಲ್ಲಿ ಬೇಕು ಎಂಬುದಕ್ಕೆ ಸರ್ಕಾರದ್ದೇ ಅಂಕಿ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಚಿಕ್ಕ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಜನರಿಗೆ, ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ತೀರಾ ಸೊರಗಿದ ಮಕ್ಕಳನ್ನು ಸೇರಿಸಲು ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಅಲ್ಲಿಗೆ ಬಂದ ಅಮ್ಮ ಮೊದಲು ಕೇಳುವುದು, ಮಗೀಗೆ ಹೊಟ್ಟೆ ತುಂಬಾ ಉಣ್ಣಿಸಲಾ ಎಂದು. ಅಜ್ಜಿ, ಮಾವ, ವೆಲ್‌ನೆಸ್ ಕೋಚು ಎಲ್ಲರೂ ಒಂದೇ ದನಿಯಲ್ಲಿ ‘ಉಣ್ಣಿಸಿ’ ಎಂದಾರು. ಉಣ್ಣಿಸಿದರೆ ಮಗು ಸಾಯಬಹುದು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಸುರಿದರೆ ರಕ್ತದ ಲವಣಗಳ ಲೆಕ್ಕ ತಪ್ಪಿ ಹೃದಯ ಕೈಕೊಡುತ್ತದೆ. ಅದಕ್ಕೇ ಅಲ್ಲಿ ಮೊದಲು ಎಫ್-75 ಎಂಬ ತೆಳ್ಳಗಿನ ಹಾಲು, ನೂರು ಮಿಲಿಲೀಟರಿಗೆ 75 ಕ್ಯಾಲೊರಿ, ಎರಡು ಮೂರು ಗಂಟೆಗೊಮ್ಮೆ, ತೂಕಕ್ಕೆ ತಕ್ಕ ಅಳತೆಯಲ್ಲಿ, ರಾತ್ರಿಯೂ ಎಬ್ಬಿಸಿ. ಬಾವು ಇಳಿದು, ಮಗುವಿಗೆ ತಾನಾಗಿಯೇ ಹಸಿವು ಮರಳಿದ ಮೇಲೆ ಮೆಲ್ಲಗೆ ಎಫ್-100. ಆಮೇಲೆ ಊಟ. ಅಲ್ಲಿ ಕೂತವಳು ‘ಇವತ್ತು ಇಷ್ಟೇ, ನಾಳೆ ನೋಡಿ ಹೇಳೋಣ’ ಎನ್ನುತ್ತಾಳಲ್ಲ, ಐದು ವರ್ಷದ ಓದು ಇರುವುದು ಆ ಮಾತಿನಲ್ಲಿ.

ಆದರೆ ಎಂಎಸ್ಸಿ ಮುಗಿಸಿದವಳಿಗೆ ಅಪ್ಪ ಅಮ್ಮ ಹುಡುಕುವ ಕೆಲಸ ಬೆಂಗಳೂರಿನ ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ. ಅಲ್ಲಿ ಎಸಿ ಇದೆ, ಟಾರ್ಗೆಟ್ ಇದೆ, ಮೂರು ತಿಂಗಳ ಪ್ಯಾಕೇಜು ಮಾರಿದರೆ ಇನ್ಸೆಂಟಿವ್ ಇದೆ. ಉಂಡು ಹೆಚ್ಚಾದವರಿಗೆ ಸಲಹೆ ಕೊಟ್ಟರೆ ಇಎಂಐ ಕಟ್ಟಬಹುದು. ಉಣ್ಣದೆ ಸೊರಗಿದವರಿಗೆ ಕೊಟ್ಟರೆ ಸಿಗುವುದು ಗುತ್ತಿಗೆ ನೌಕರಿ, ಮಾರ್ಚಿನಲ್ಲಿ ನವೀಕರಣ. ಅವಳನ್ನು ದೂರುವುದು ಅನ್ಯಾಯ.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ನಿಮ್ಮ ತಟ್ಟೆಯ ಬಗ್ಗೆ ಯಾರಾದರೂ ಸಲಹೆ ಕೊಟ್ಟರೆ, ಏನು ಓದಿದ್ದೀರಿ, ಯಾವ ಆಸ್ಪತ್ರೆಯಲ್ಲಿ ಕೆಲಸ ಕಲಿತಿರಿ ಎಂದು ಕೇಳಿ, ಸಂಕೋಚ ಬೇಡ. ಮುಖ ನೋಡಿದ ತಕ್ಷಣ ‘ಇದು ಬಿಡಿ, ಇದು ತಗೊಳ್ಳಿ’ ಎಂದು ಡಬ್ಬಿ ಮುಂದಿಟ್ಟರೆ ಎದ್ದು ಬನ್ನಿ. ರಕ್ತದ ರಿಪೋರ್ಟ್ ಕೇಳಿದರೆ, ನಿನ್ನೆ ಬೆಳಗಿನಿಂದ ಏನೇನು ತಿಂದಿರಿ ಎಂದು ಬರೆದುಕೊಂಡರೆ, ‘ನೋಡಿ ಹೇಳೋಣ’ ಎಂದರೆ ಕೂತುಕೊಳ್ಳಿ, ಅವರು ಕೇಳಿದ ಫೀಸು ಚೌಕಾಸಿ ಮಾಡದೆ ಕೊಡಿ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗ ಮಾತ್ರ ಅವರನ್ನು ಏನೂ ಕೇಳಬೇಡಿ. ಅವರೂ ಹೋಳಿಗೆ ತಿನ್ನಲು ಬಂದಿರುತ್ತಾರೆ.